ಎರಡನೆಯ ತೂಕ

ಪಿಂಗಾಣಿಯ ಒಂದು ಪುಟ್ಟ ಮೂಸೆ. ಕುಂಕುಮದ ಬಟ್ಟಲಿಗಿಂತ ತುಸು ದೊಡ್ಡದು, ಮೊಟ್ಟೆಯ ಚಿಪ್ಪಿನಷ್ಟು ಬಿಳುಪು. ಜ್ವಾಲೆಯ ಮೇಲಿಟ್ಟರೆ ಒಳಗಿನ ಸೋಸುಕಾಗದ ಹೊತ್ತಿ, ಮೊದಲು ಅದರ ಒಡಲೆಲ್ಲ ಕಪ್ಪಾಗುತ್ತಿತ್ತು. ನೋಡುತ್ತ ಕುಳಿತರೆ ಆ ಕಪ್ಪು ಅಂಚಿನಿಂದ ಮೆಲ್ಲಗೆ ಕರಗಿ, ಮೂಸೆ ಕೆಂಡದ ಬಣ್ಣಕ್ಕೆ ತಿರುಗಿ, ಉರಿ ಆರಿಸಿದ ಮೇಲೆ ಮತ್ತೆ ಮೊದಲಿನ ಹಾಗೆ ಬೆಳ್ಳಗಾಗುತ್ತಿತ್ತು. ತಳದಲ್ಲಿ ಚಿಟಿಕೆಯಷ್ಟು ಬಿಳಿಯ ಪುಡಿ ಉಳಿದಿರುತ್ತಿತ್ತು. ಆ ಚಿಟಿಕೆಯನ್ನು ತೂಗಿ ಬರೆಯುವುದು ನನ್ನ ಕೆಲಸವಾಗಿತ್ತು.

ಆಗ ನನಗೆ ಇಪ್ಪತ್ತಮೂರು ವರ್ಷ. ರಸಾಯನಶಾಸ್ತ್ರದಲ್ಲಿ ಪದವಿ ಮುಗಿಸಿ ಊರಿನ ಪರೀಕ್ಷಾಲಯಕ್ಕೆ ಸೇರಿ ಹತ್ತು ತಿಂಗಳಾಗಿತ್ತು. ಇನ್ನೆರಡು ತಿಂಗಳು ಕಳೆದರೆ ಕೆಲಸ ಕಾಯಂ ಆಗುವುದಿತ್ತು. ಆ ಕಟ್ಟಡದಲ್ಲಿ ಕೆಲಸಕ್ಕೆ ಬಂದ ಮೊದಲ ಹೆಣ್ಣು ನಾನು. ನನ್ನ ಮೇಲಿನ ಅಧಿಕಾರಿ ಸೇತುರಾಯರು ನಾನು ಸೇರಿದ ವಾರವೇ ಬಡಗಿಯನ್ನು ಕರೆಸಿ, ತಕ್ಕಡಿ ಕೋಣೆಯ ಎತ್ತರದ ಸ್ಟೂಲಿನ ಕಾಲುಗಳನ್ನು ನಾಲ್ಕು ಬೆರಳು ಕತ್ತರಿಸಿದ್ದರು. ಸೀರೆಯುಟ್ಟವಳು ಹತ್ತಿ ಇಳಿಯುವುದು ಕಷ್ಟವೆಂದು ಅವರಿಗೆ ತಾನಾಗಿ ಹೊಳೆದಿತ್ತು. ನನಗೆ ಅದನ್ನು ಹೇಳಲೂ ಇಲ್ಲ. ಬೆಳಿಗ್ಗೆ ಬಂದು ಕುಳಿತಾಗ ನನ್ನ ಪಾದ ನೆಲಕ್ಕೆ ತಗುಲಿತು, ಅಷ್ಟೆ.

ತಕ್ಕಡಿ ಕೋಣೆಯಲ್ಲಿ ಫ್ಯಾನಿರಲಿಲ್ಲ, ಕಿಟಕಿ ತೆರೆಯುವಂತಿರಲಿಲ್ಲ, ಮಾತಾಡುವಂತೆಯೂ ಇರಲಿಲ್ಲ. ಗಾಜಿನ ಪೆಟ್ಟಿಗೆಯೊಳಗೆ ಕೂತ ಆ ತಕ್ಕಡಿ ನಮ್ಮ ಉಸಿರಿಗೂ ಅಲುಗುತ್ತಿತ್ತು. ಮೂಸೆಯನ್ನು ಕೈಯಿಂದ ಮುಟ್ಟಬಾರದು, ಬೆರಳಿನ ಜಿಡ್ಡಿಗೂ ತೂಕವುಂಟು, ಇಕ್ಕಳದಿಂದಲೇ ಹಿಡಿಯಬೇಕು. ಪ್ರತಿ ಸಲವೂ ಖಾಲಿ ಮೂಸೆಯನ್ನು ಕಾಯಿಸಿ, ತಣಿಸಿ, ಹೊಸದಾಗಿ ತೂಗಬೇಕು. ಮತ್ತು ಯಾವ ಪರೀಕ್ಷೆಯನ್ನೇ ಆಗಲಿ ಜೋಡಿಯಾಗಿ, ಎರಡು ಮೂಸೆಗಳಲ್ಲಿ ಬೇರೆ ಬೇರೆಯಾಗಿ ಮಾಡಬೇಕು. ಎರಡೂ ಹೊಂದದಿದ್ದರೆ ಎರಡನ್ನೂ ಚೆಲ್ಲಿ ಮೊದಲಿನಿಂದ ಶುರು.

"ಒಂದು ತೂಕ ಅಂದ್ರೆ ಬರೀ ಸುದ್ದಿ ಕಣಮ್ಮ," ಎನ್ನುತ್ತಿದ್ದರು ಸೇತುರಾಯರು, "ಎರಡನೇದು ಬಂದು ಹೌದು ಅಂತ ಹೇಳಿದ ಮೇಲೇನೇ ಅದು ಸಾಕ್ಷಿ."

ಹತ್ತು ತಿಂಗಳು ನಾನು ಹಾಗೆಯೇ ಮಾಡಿದೆ. ಒಂದೇ ಒಂದು ಶನಿವಾರ ಮಾಡಲಿಲ್ಲ.

ಆ ವರ್ಷ ಊರಿನ ಹೆಣ್ಣುಮಕ್ಕಳ ಶಾಲೆಗೆ ಕಂಚಿನ ಗಂಟೆ ಮಾಡಿಸಿದ್ದರು. ಅದುವರೆಗೆ ಅಲ್ಲಿ ರೈಲುಕಂಬಿಯ ತುಂಡನ್ನು ನೇತುಹಾಕಿ ಬಾರಿಸುತ್ತಿದ್ದರು. ಮನೆಮನೆಯವರೂ ತೂತಾದ ಕೊಡ, ಹಳೆಯ ತಪ್ಪಲೆ ಎಂದು ತಾಮ್ರ ಕೊಟ್ಟರು. ಅದಕ್ಕೆ ಬೆರೆಸಬೇಕಾದ ತವರದ ಗಟ್ಟಿಗಳನ್ನು ಪುರಸಭೆಯೇ ತರಿಸಿಕೊಟ್ಟಿತು. ಎರಕ ಹೊಯ್ದವರು ಕಂಚುಗಾರರ ಬೀದಿಯ ಮೌನಾಚಾರ್ಯರು. ಅರವತ್ತು ದಾಟಿದ, ತೆಳ್ಳನೆಯ, ಬಲಗಣ್ಣಿಗೆ ಪೊರೆ ಬರುತ್ತಿದ್ದ ಮನುಷ್ಯ. ಹೊಯ್ದ ಅಚ್ಚು ನಾಲ್ಕು ದಿನ ತಣಿಯಬೇಕೆಂದು ಅವರು ಕೇಳಿಕೊಂಡಿದ್ದರು. ಉದ್ಘಾಟನೆಗೆ ಯಾರೋ ದೊಡ್ಡವರು ಬರುವವರಿದ್ದುದರಿಂದ ಪುರಸಭೆಯವರು ಎರಡನೆಯ ದಿನವೇ ಅಚ್ಚು ಒಡೆಸಿದರು. ಗಂಟೆ ಒಂಬತ್ತು ದಿನ ಮೊಳಗಿತು. ಹತ್ತನೆಯ ದಿನ ಬೆಳಿಗ್ಗೆ ಅಂಚಿನಿಂದ ಗೇಣುದ್ದ ಬಿರುಕು ಬಿಟ್ಟು, ಒಡೆದ ಮಡಕೆಯ ಸದ್ದು ಮಾಡಿತು.

ಅವಸರದಲ್ಲಿ ಅಚ್ಚು ಒಡೆಸಿದ್ದೇ ಕಾರಣವೆಂದು ಆಚಾರ್ಯರು ಹೇಳಿದರು. ಪುರಸಭೆಯವರಿಗೆ ಅದು ಹಿಡಿಸಲಿಲ್ಲ. ತವರ ಕಡಿಮೆಯಿದ್ದರೂ ಗಂಟೆ ಕೆಡುತ್ತದೆಯಲ್ಲ ಎಂದು ಯಾರೋ ಅಂದರು. ತವರ ಎಲ್ಲಿ ಹೋಯಿತು ಎಂದು ಇನ್ನೊಬ್ಬರು ಕೇಳಿದರು. ಸಂಜೆಯೊಳಗೆ ಆಚಾರ್ಯರು ತವರ ಕದ್ದಿರಬಹುದೆಂಬ ಮಾತು ಪೇಟೆಯ ತುದಿ ಮುಟ್ಟಿತ್ತು. ಗಂಟೆಯಿಂದ ಕೊರೆದ ಹೊಂಬಣ್ಣದ ಪುಡಿ ಕಾಗದದ ಪೊಟ್ಟಣದಲ್ಲಿ ನಮ್ಮಲ್ಲಿಗೆ ಬಂತು. ನೂರಕ್ಕೆ ಇಪ್ಪತ್ತೆರಡು ಪಾಲು ತವರ ಇರಬೇಕಿತ್ತು. ಇದೆಯೇ?

ಕಂಚಿನ ಪುಡಿಯನ್ನು ಆಮ್ಲದಲ್ಲಿ ಕುದಿಸಿದರೆ ತಾಮ್ರವೆಲ್ಲ ನೀಲಿಯಾಗಿ ಕರಗಿಹೋಗುತ್ತದೆ. ತವರ ಮಾತ್ರ ಕರಗದೆ ಬೂದಿಯಂತೆ ತಳಕ್ಕೆ ಕೂರುತ್ತದೆ. ಅದನ್ನು ಸೋಸಿ, ಕಾಗದದ ಸಮೇತ ಮೂಸೆಯಲ್ಲಿ ಸುಟ್ಟು, ತೂಗಿ, ಖಾಲಿ ಮೂಸೆಯ ತೂಕ ಕಳೆದರೆ ಲೆಕ್ಕ ಸಿಕ್ಕಿತು. ಕಷ್ಟದ ಕೆಲಸವಲ್ಲ. ಕಾಯುವ ಕೆಲಸ.

ಶನಿವಾರ ಮಧ್ಯಾಹ್ನ ನನ್ನ ಹಾಸ್ಟೆಲಿನ ಗೆಳತಿ ಎರಡೂವರೆಯ ಸಿನಿಮಾಕ್ಕೆ ಟಿಕೆಟ್ ತೆಗೆದಿಟ್ಟಿದ್ದಳು. ಖಾಲಿ ಮೂಸೆಯನ್ನು ಕಾಯಿಸಿ ತಣಿಸಲು ಒಂದು ಗಂಟೆ ಬೇಕು. ಅದೇ ಮೂಸೆಯ ಹಿಂದಿನ ವಾರದ ತೂಕ ಪುಸ್ತಕದಲ್ಲಿತ್ತು. ಒಂದು ವಾರದಲ್ಲಿ ಪಿಂಗಾಣಿಯ ತೂಕ ಎಲ್ಲಿ ಹೋಗುತ್ತದೆ ಎಂದುಕೊಂಡು ಆ ಅಂಕಿಯನ್ನೇ ಎತ್ತಿ ಬರೆದೆ. ಪರೀಕ್ಷೆಯ ಕೊನೆಗೆ ಬಂದ ಉತ್ತರ ನೂರಕ್ಕೆ ಹದಿನೇಳು. ಎರಡನೆಯ ಮೂಸೆಯನ್ನು ನಾನು ಉರಿಗೆ ಇಡಲೇ ಇಲ್ಲ. ಮೊದಲನೆಯ ಅಂಕಿಗಳಿಗೆ ಹತ್ತಿರವಾದ, ಕೊನೆಯ ಸ್ಥಾನದಲ್ಲಿ ಮಾತ್ರ ಒಂದಿಷ್ಟು ಬೇರೆಯಾದ ಅಂಕಿಗಳನ್ನು ಅದರ ಕೆಳಗೆ ಬರೆದೆ. ಹಾಗೆ ಬರೆಯುವಾಗ ನನ್ನ ಕೈ ನಡುಗಲಿಲ್ಲ. ಇಷ್ಟು ವರ್ಷಗಳಾದ ಮೇಲೂ ನನಗೆ ಹೆಚ್ಚು ನಾಚಿಕೆಯಾಗುವುದು ಅದಕ್ಕೇ. ಅಕ್ಷರ ಎಂದಿನಂತೆ ದುಂಡಗೆ ಬಂದಿತ್ತು.

ಸೇತುರಾಯರು ಪುಸ್ತಕ ನೋಡಿದರು. "ಎರಡೂ ಹದಿನೇಳೇ? ಪಾಪ, ಆಚಾರ್ರು ಹಂಗೆ ಮಾಡ್ತಾರೆ ಅಂತ ನಾನು ಅಂದ್ಕೊಂಡಿರ್ಲಿಲ್ಲ," ಎಂದು ನಿಟ್ಟುಸಿರು ಬಿಟ್ಟು ಸಹಿ ಹಾಕಿದರು. ನಾನು ಸಿನಿಮಾಕ್ಕೆ ಸರಿಯಾದ ಹೊತ್ತಿಗೆ ಹೋಗಿ ತಲುಪಿದೆ.

ಮಂಗಳವಾರ ಪುರಸಭೆ ತೀರ್ಮಾನ ಹೇಳಿತು. ಒಡೆದ ಗಂಟೆಯನ್ನು ಕರಗಿಸಿ, ಕಡಿಮೆಯಾದ ತವರವನ್ನು ಆಚಾರ್ಯರೇ ತಂದು, ಹತ್ತು ಜನರ ಕಣ್ಣೆದುರಿಗೆ ಹಾಕಿ, ಹೊಸದಾಗಿ ಎರಕ ಹೊಯ್ಯಬೇಕು. ಬುಧವಾರ ಬೆಳಿಗ್ಗೆ ಆಚಾರ್ಯರು ನಮ್ಮ ಪರೀಕ್ಷಾಲಯಕ್ಕೆ ಬಂದರು. ಜಗಳಕ್ಕೆ ಬಂದರೆಂದು ನಾನು ಎದ್ದು ನಿಂತೆ. ಅವರು ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಗಾಜಿನೊಳಗಿನ ತಕ್ಕಡಿಯನ್ನು ಬಹಳ ಹೊತ್ತು ನೋಡಿದರು.

"ಇದೇನಾ ತಾಯಿ ಅದು?"

"ಹೌದು."

"ಕೂದ್ಲು ಹಾಕಿದ್ರೂ ತೂಗ್ತದಂತೆ?"

"ತೂಗುತ್ತೆ."

"ಹಂಗಾದ್ರೆ ಇದ್ರ ಮುಂದೆ ನನ್ನ ಕಣ್ಣು ಏನು ಮಹಾ." ಅವರು ಮೆಲ್ಲಗೆ ತಲೆಯಾಡಿಸಿದರು. "ಬಿರುಕಿನೊಳಗೆ ಲೋಹದ ಬಣ್ಣ ನೋಡ್ದೆ. ಸರಿಯಾಗೇ ಐತೆ ಅನ್ನಿಸ್ತು ನಂಗೆ. ಕದ್ದಿಲ್ಲ ಅನ್ನೋದು ಆ ದೇವ್ರಿಗೇ ಗೊತ್ತು. ಅಂದ್ಮೇಲೆ ತೂಕ ಹಾಕುವಾಗ ನಾನೇ ತಪ್ಪಿರ್ಬೇಕು. ಪೊರೆ ಬಂದೈತಲ್ಲ, ಕಲ್ಲು ಎಣಿಸೋದ್ರಲ್ಲಿ ಒಂದು ಬಿಟ್ಟೋಗಿರ್ಬೇಕು. ನಲವತ್ತೈದು ವರ್ಷದಲ್ಲಿ ನನ್ನ ಕೈ ಒಂದ್ಸಲಾನೂ ತಪ್ಪಿರ್ಲಿಲ್ಲ ಕಣವ್ವ." ಅವರು ತಮ್ಮ ಬಲಗೈಯನ್ನು ಅಂಗಾತ ಮಾಡಿ ನೋಡಿಕೊಂಡರು. ಯಾರದೋ ಕೈಯನ್ನು ನೋಡಿದ ಹಾಗೆ. "ಈ ಗಂಟೆ ಮುಗ್ಸಿ ಕುಲುಮೆ ಆರಿಸ್ಬಿಡ್ತೀನಿ. ಕೈ ನಂಬಿಕೆ ಕೆಟ್ಟ ಮೇಲೆ ಎರಕ ಹೊಯ್ಯಬಾರ್ದು. ಈಗ ಎಷ್ಟು ತವರ ಕೂಡಿಸ್ಬೇಕು, ಒಂಚೂರು ಲೆಕ್ಕ ಹಾಕಿ ಕೊಡ್ತೀಯಾ?"

ಗಂಟೆಯ ತೂಕ ಐವತ್ತು ಕಿಲೋ. ನಾನು ಲೆಕ್ಕ ಮಾಡಿ, ಮೂರು ಕಿಲೋ ಇನ್ನೂರು ಗ್ರಾಂ ಎಂದು ಚೀಟಿಯಲ್ಲಿ ಬರೆದುಕೊಟ್ಟೆ. ಬರೆಯುವಾಗ ನನ್ನ ಸ್ಟೂಲು ಕುಂಟುತ್ತಿತ್ತು. ಆಚಾರ್ಯರು ಚೀಟಿಯನ್ನು ಜೇಬಿಗಿಟ್ಟುಕೊಂಡು, ಕಸದ ಬುಟ್ಟಿಯಿಂದ ಒಂದು ರಟ್ಟಿನ ಚೂರು ಹುಡುಕಿ, ಮಡಚಿ, ಮಂಡಿಯೂರಿ ಸ್ಟೂಲಿನ ಕಾಲಿನಡಿ ಇಟ್ಟರು. ಅಲುಗಾಡಿಸಿ ನೋಡಿ, ಇನ್ನೊಂದು ಮಡಿಕೆ ಮಡಚಿದರು. "ಈಗ ಕೂತ್ಕೊ," ಎಂದು ಹೇಳಿ ಹೋದರು.

ಅದೇ ಮಧ್ಯಾಹ್ನ ಬೇರೊಂದು ಪರೀಕ್ಷೆಗೆಂದು ಮೂಸೆಯನ್ನು ಎತ್ತಿದಾಗ ಕಂಡಿತು. ಬಿಳಿಯ ಅಂಚಿನಲ್ಲಿ ಒಂದು ಕಡೆ, ಎಳ್ಳುಕಾಳಿಗಿಂತ ತುಸು ದೊಡ್ಡದಾಗಿ, ಒರಟಾದ ಗಾಯ. ಒಂದು ಚೂರು ಎಗರಿಹೋಗಿತ್ತು. ಹಿಂದಿನ ವಾರ ಆ ತೂಕ ಬರೆದಾದ ಮೇಲೆ ಮೂಸೆಯನ್ನು ಇಕ್ಕಳದಲ್ಲಿ ಹಿಡಿದು ತಣಿಸುವ ಗಾಜಿನ ಜಾಡಿಗೆ ಇಳಿಸುವಾಗ ಟಿಕ್ ಎಂದದ್ದು ನೆನಪಾಯಿತು. ಆಗ ನಾನು ಬಗ್ಗಿ ನೋಡಿರಲಿಲ್ಲ. ಕಾಯಿಸಿ, ತಣಿಸಿ, ತೂಗಿದೆ. ಪುಸ್ತಕದ ಹಳೆಯ ತೂಕಕ್ಕಿಂತ ಮೂವತ್ತೆರಡು ಮಿಲಿಗ್ರಾಂ ಕಡಿಮೆ. ಎಗರಿಹೋದ ಪಿಂಗಾಣಿಯ ತೂಕವನ್ನು ನಾನು ಆಚಾರ್ಯರ ತವರದಿಂದ ಕಳೆದಿದ್ದೆ.

ಪೊಟ್ಟಣದಲ್ಲಿ ಇನ್ನೂ ಪುಡಿಯಿತ್ತು. ಬಾಗಿಲು ಹಾಕಿಕೊಂಡು ಪರೀಕ್ಷೆಯನ್ನು ಜೋಡಿಯಾಗಿ ಮಾಡಿದೆ, ಮರುದಿನ ಮುಗಿಸಿದೆ. ಎರಡೂ ಮೂಸೆಗಳು ಕಪ್ಪಾಗಿ, ಕೆಂಪಾಗಿ, ಬೆಳ್ಳಗಾದವು. ಇಪ್ಪತ್ತೆರಡು. ಇಪ್ಪತ್ತೆರಡು.

ಆ ಹೊತ್ತಿಗೇ ಎದ್ದು ಸೇತುರಾಯರ ಕೋಣೆಗೆ ಹೋಗಬೇಕಿತ್ತು. ಹತ್ತೇ ಹೆಜ್ಜೆ. ಹೋಗಲಿಲ್ಲ. ಹಳೆಯ ತೂಕ ಬರೆದದ್ದನ್ನು ಅಜಾಗರೂಕತೆ ಎನ್ನಬಹುದಿತ್ತು, ಆದರೆ ಎರಡನೆಯ ತೂಕವನ್ನು ಏನೆನ್ನುವುದು? ಅದು ಸುಳ್ಳು. ಕೆಲಸ ಹೋಗುತ್ತದೆ, ಹೋದ ಮೇಲೆ "ಹೆಣ್ಣು ಹುಡುಗೀರ್ನ ಇಂಥ ಕಡೆ ಸೇರಿಸ್ಕೊಂಡ್ರೆ ಇನ್ನೇನಾಗುತ್ತೆ" ಎನ್ನುತ್ತಾರೆ, ಮುಂದೆ ಬರುವವಳಿಗೂ ಬಾಗಿಲು ಮುಚ್ಚುತ್ತದೆ. ಹೀಗೆ ನನ್ನ ಭಯಕ್ಕೆ ದೊಡ್ಡ ದೊಡ್ಡ ಕಾರಣಗಳನ್ನು ಹೊಲಿದುಕೊಳ್ಳುತ್ತ ಎರಡು ದಿನ ಕಳೆದೆ. ಎರಕ ಹೊಯ್ಯುವುದು ಶನಿವಾರ ಎಂದಿತ್ತು. ಮೊದಲೇ ಸರಿಯಿರುವ ಕಂಚಿಗೆ ನನ್ನ ಚೀಟಿಯಷ್ಟು ತವರ ಬಿದ್ದರೆ ಗಂಟೆ ಗಾಜಿನ ಹಾಗೆ ಪೆಡಸಾಗುತ್ತದೆಂದು ನನಗೆ ಗೊತ್ತಿತ್ತು. ನಾಲ್ಕು ಏಟಿಗೇ ಚೂರಾಗಬಹುದು. ಅದರ ಕೆಳಗೆ ಹುಡುಗಿಯರು ಸಾಲಾಗಿ ನಿಲ್ಲುತ್ತಾರೆ. ಆಗ ಆಚಾರ್ಯರು ತಮ್ಮ ಕೈಯನ್ನು ಹೇಗೆ ನೋಡಿಕೊಂಡಾರು?

ಶನಿವಾರ ಬೆಳಿಗ್ಗೆ ಕಂಚುಗಾರರ ಬೀದಿಗೆ ಓಡಿದೆ. ಅಂಗಳದಲ್ಲಿ ಕುಲುಮೆ ಹೊತ್ತಿತ್ತು. ಸಾಕ್ಷಿಗೆ ಬಂದಿದ್ದ ಪುರಸಭೆಯವರು ಚಪ್ಪರದ ಕೆಳಗೆ ಬೆಂಚಿನ ಮೇಲೆ ಕೂತು ಕಾಫಿ ಕುಡಿಯುತ್ತಿದ್ದರು. ಆಚಾರ್ಯರ ಮಗಳು ಕಾಳಮ್ಮ, ನನ್ನ ವಾರಗೆಯವಳು, ಅವರಿಗೆ ಲೋಟ ಹಂಚುತ್ತಿದ್ದಳು, ತಲೆ ಎತ್ತದೆ. ಒಡೆದ ಗಂಟೆಯ ತುಂಡುಗಳು ಆಗಲೇ ಕರಗುತ್ತಿದ್ದವು. ತವರದ ಗಟ್ಟಿ ಪಕ್ಕದಲ್ಲಿತ್ತು. ನಾನು ಆಚಾರ್ಯರನ್ನು ನೀರಿನ ತೊಟ್ಟಿಯ ಕಡೆಗೆ ಕರೆದು ಎಲ್ಲವನ್ನೂ ಹೇಳಿದೆ. ಸಿನಿಮಾದ ಮಾತನ್ನೂ ಹೇಳಿದೆ.

ಅವರು ಬೈಯುತ್ತಾರೆಂದು ನಾನು ಕಾದಿದ್ದೆ. ಅವರು ನನ್ನ ಮುಖವನ್ನೇ ನೋಡುತ್ತ, "ಇನ್ನೊಂದ್ಸಲ ಹೇಳು. ಎಷ್ಟಿತ್ತು?" ಎಂದರು.

"ಇಪ್ಪತ್ತೆರಡು."

"ಸರಿಯಾಗಿ?"

"ಸರಿಯಾಗಿ, ಆಚಾರ್ರೇ."

"ಹಂಗಾದ್ರೆ ನನ್ನ ಕೈ ತಪ್ಪಿಲ್ಲ!" ಅವರು ನಕ್ಕುಬಿಟ್ಟರು. ಪೊರೆ ಬಂದ ಕಣ್ಣಲ್ಲೂ ನೀರು ತುಂಬಿತು. "ನನ್ನ ಕೈ ತಪ್ಪಿಲ್ಲ ಕಣವ್ವ! ಮೂರು ದಿನದಿಂದ ಉಂಡಿದ್ದು ಮೈಗೆ ಹತ್ತಿಲ್ಲ ನಂಗೆ."

"ನಾನು ಈಗಲೇ ಅವರಿಗೆ ಹೇಳ್ತೀನಿ," ಎಂದೆ. ಆದರೆ ನನ್ನ ಕಾಲು ಅತ್ತ ತಿರುಗಲಿಲ್ಲ. ಅದನ್ನು ಅವರು ಕಂಡರು.

"ಹೇಳಿದ್ರೆ ನಿನ್ನ ಕೆಲ್ಸ?"

ನಾನು ಚಪ್ಪರದ ಕೆಳಗಿನ ಬೆಂಚಿನತ್ತ ನೋಡಿದೆ.

"ನೋಡು, ಹೇಳೋದು ಬಿಡೋದು ನಿಂಗೆ ಬಿಟ್ಟಿದ್ದು. ನಂಗೆ ಗೊತ್ತಾಯ್ತಲ್ಲ, ನಂಗಷ್ಟು ಸಾಕು. ಈಗ ಮೊದ್ಲು ಕಂಚು ನೋಡಾಣ. ತವರ ಹಾಕ್ದೆ ಇದ್ರೆ ಆ ಮಹನೀಯರು ಬಿಡಾಕಿಲ್ಲ. ಹಾಕಿದ್ರೆ ಗಂಟೆ ಉಳಿಯಾಕಿಲ್ಲ. ಅಷ್ಟು ತವರಕ್ಕೆ ಸರಿದೂಗೋ ಹಂಗೆ ತಾಮ್ರ ಎಷ್ಟು ಬೇಕು, ಹೇಳು."

ತೊಟ್ಟಿಯ ಕಲ್ಲಿನ ಮೇಲೆ ಇದ್ದಿಲ ಚೂರಿನಿಂದ ಲೆಕ್ಕ ಹಾಕಿದೆ. ಎರಡು ಸಲ. ಹನ್ನೊಂದು ಕಿಲೋ ಚಿಲ್ಲರೆ. ಆಚಾರ್ಯರು ಬಚ್ಚಲಮನೆಗೆ ಹೋಗಿ ನೀರು ಕಾಯಿಸುವ ತಾಮ್ರದ ಹಂಡೆಯನ್ನು ಉರುಳಿಸಿಕೊಂಡು ಬಂದರು. ಒಳಗಿನಿಂದ ಅವರ ಹೆಂಡತಿ, "ಅಯ್ಯೋ, ಅದ್ಯಾಕೆ? ನಮ್ಮವ್ವ ಕೊಟ್ಟಿದ್ದು ಅದು!" ಎಂದು ಕೂಗಿದರು. ಆಚಾರ್ಯರು ಕಿವಿಗೊಡದೆ ಸುತ್ತಿಗೆಯಿಂದ ಹಂಡೆಯನ್ನು ಜಜ್ಜಿ, ಬೇಕಾದಷ್ಟನ್ನು ತೂಗಿ, ಕುಲುಮೆಗೆ ಇಳಿಸಿದರು. ಬೆಂಚಿನ ಮೇಲಿದ್ದವರು ಒಬ್ಬರನ್ನೊಬ್ಬರು ನೋಡಿಕೊಂಡರು. ಆಮೇಲೆ ಎಲ್ಲರೆದುರಿಗೆ ತವರದ ಗಟ್ಟಿಯೂ ಬಿತ್ತು. ಅಚ್ಚು ತುಂಬಿ ಮಿಕ್ಕ ಕಂಚು ಮಣ್ಣಿನಲ್ಲಿ ಹೊಳೆಯುತ್ತ ನಿಂತಿತು. ಈ ಸಲ ಅಚ್ಚನ್ನು ನಾಲ್ಕು ದಿನ ಯಾರೂ ಮುಟ್ಟಲಿಲ್ಲ.

ಗಂಟೆ ಚೆನ್ನಾಗಿ ಬಂತು. ತುಂಬ ಚೆನ್ನಾಗಿ ಬಂತು. ಅದರ ನಾದ ಊರಾಚೆಯ ಕೆರೆಯ ಏರಿಯವರೆಗೆ ಕೇಳುತ್ತಿತ್ತು. "ನೋಡಿ, ಈ ಸಲ ತವರ ಪೂರ್ತಿ ಹಾಕಿದಾನೆ," ಎಂದಿತು ಊರು. ಗಂಟೆ ಎಷ್ಟು ಇಂಪಾಗಿ ನುಡಿಯಿತೋ ಆಚಾರ್ಯರ ಕಳ್ಳತನ ಅಷ್ಟೇ ಖಾತ್ರಿಯಾಯಿತು.

ನಾಳೆ ಹೇಳೋಣ ಎಂದುಕೊಂಡೆ. ಕಾಯಂ ಆದ ಮೇಲೆ ಹೇಳೋಣ ಎಂದುಕೊಂಡೆ. ಸೇತುರಾಯರ ನಿವೃತ್ತಿಯ ಸಭೆಯಲ್ಲಿ ಅವರು ನನ್ನತ್ತ ತಿರುಗಿ, "ಈ ಹುಡುಗಿಯ ಅಂಕಿಯನ್ನ ನಾನು ಮತ್ತೆ ತೂಗಿ ನೋಡಿದವನಲ್ಲ," ಎಂದು ಹೆಮ್ಮೆಯಿಂದ ಹೇಳಿದಾಗ ನಾನು ತಲೆ ತಗ್ಗಿಸಿದೆ. ಜನ ಅದನ್ನು ವಿನಯವೆಂದುಕೊಂಡರು. ಆಚಾರ್ಯರು ಒಪ್ಪಿದ್ದಾರೆ, ಅವರಿಗೆ ಅಷ್ಟೇ ಸಾಕಂತೆ, ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಬೀದಿಯಲ್ಲಿ ಸಿಕ್ಕರೆ ಅವರು "ಊಟ ಆಯ್ತಾ ತಾಯಿ?" ಎಂದು ಕೇಳುತ್ತಿದ್ದರು. ಒಮ್ಮೆಯೂ ಆ ಮಾತೆತ್ತಲಿಲ್ಲ. ಕುಲುಮೆ ಆರಿಸಲಿಲ್ಲ, ದೇವರ ದೀಪ, ತಾಳಗಳನ್ನು ಎರಕ ಹೊಯ್ಯುತ್ತಲೇ ಇದ್ದರು. ಆದರೆ ಊರಿನ ದೊಡ್ಡ ಕೆಲಸ ಮತ್ತೆ ಅವರ ಬಾಗಿಲಿಗೆ ಬರಲಿಲ್ಲ. ಒಂದು ಬೇಸಿಗೆಯಲ್ಲಿ ತೀರಿಕೊಂಡರು. ನಾನು ಹಿರಿಯ ಪರೀಕ್ಷಕಿಯಾದೆ, ನನ್ನ ಕೈಕೆಳಗೆ ಆರು ಹುಡುಗಿಯರು ಕಲಿತರು. ಜೋಡಿ ತೂಕದ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟೆಂದು ಹೆಸರಾದೆ.

ಹೋದ ತಿಂಗಳು ಆ ಶಾಲೆಯ ವಾರ್ಷಿಕೋತ್ಸವಕ್ಕೆ ನನ್ನನ್ನು ಕರೆದಿದ್ದರು. ಶಾಲೆಯ ಕತೆ ಹೇಳುತ್ತಿದ್ದ ಒಬ್ಬ ಮೇಷ್ಟರು, "ನಮ್ಮ ಮೊದಲನೇ ಗಂಟೆಯ ತವರವನ್ನ ಎರಕದವನೇ ನುಂಗಿ ನೀರು ಕುಡಿದಿದ್ದನಂತೆ!" ಎಂದರು. ಇನ್ನೂರು ಹುಡುಗಿಯರು ಗೊಳ್ಳೆಂದು ನಕ್ಕರು. ಅವರಿಗೆ ಆಚಾರ್ಯರ ಹೆಸರು ಕೂಡ ಗೊತ್ತಿರಲಿಲ್ಲ. ನಾನು ವೇದಿಕೆಯ ಮೇಲೆ, ಕೊರಳಲ್ಲಿ ಹಾರ ಹಾಕಿಕೊಂಡು ಕುಳಿತಿದ್ದೆ.

ಮರುದಿನ ಹುಡುಕಿಕೊಂಡು ಕಾಳಮ್ಮನ ಮನೆಗೆ ಹೋದೆ. ಅದೇ ಬೀದಿ. ಆಕೆ ಬೀದಿಬಾಗಿಲ ಒಳಗೆ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದಳು.

"ಯಾರು? ಬಿಸ್ಲಲ್ಲಿ ನಿಂತಿದ್ದೀರಲ್ಲ, ಒಳಗೆ ಬನ್ನಿ," ಎಂದು ಗುರುತು ಹತ್ತುವ ಮೊದಲೇ ಚಾಪೆ ಹಾಸಿದಳು. ನಾನು ಯಾರೆಂದು ಹೇಳಿದೆ. ಏನು ಮಾಡಿದೆನೆಂದು ಹೇಳಿದೆ. ಹೇಳುತ್ತ ಹೋದ ಹಾಗೆ ಅವಳ ಬೆರಳುಗಳು ನಿಧಾನವಾಗಿ, ಕೊನೆಗೆ ಒಂದು ಕಾಯಿಯನ್ನು ಅರ್ಧ ಬಿಡಿಸಿ ನಿಂತವು.

"ಅಪ್ಪಂಗೆ ಇದು ಗೊತ್ತಿತ್ತಾ?"

"ಗೊತ್ತಿತ್ತು. ಎರಕ ಹೊಯ್ಯೋ ಮುಂಚೆಯೇ ಹೇಳಿದ್ದೆ."

"ನಮ್ಗೆ ಒಂದು ಮಾತು ಹೇಳ್ಲಿಲ್ಲ." ಅವಳು ಗೋಡೆಯತ್ತ ನೋಡಿದಳು. "ಆ ವರ್ಷಾನೇ ನನ್ನ ಮದ್ವೆ, ಅಮ್ಮಾವ್ರೆ. ಅಪ್ಪ ನಂಗೆ ಬೆಳ್ಳಿ ಕಾಲ್ಗೆಜ್ಜೆ ಮಾಡಿಸಿದ್ದ. ಆ ತವರ ಮಾರಿನೇ ಮಾಡಿಸ್ದ ಅಂತ ನಾನು ತಿಳ್ಕೊಂಡಿದ್ದೆ. ನನ್ನಿಂದ ಅಪ್ಪ ಕಳ್ಳ ಆದ ಅಂತ. ಒಂದು ದಿನ ಅದನ್ನ ಕಾಲಿಗೆ ಹಾಕ್ಲಿಲ್ಲ. ಯಾಕೆ ಹಾಕ್ಕೊಳ್ಳಲ್ಲ ಮಗ ಅಂತ ಅವ್ನು ಕೇಳ್ತಿದ್ದ, ಚುಚ್ತದೆ ಅಂತಿದ್ದೆ." ಅರ್ಧ ಬಿಡಿಸಿದ ಕಾಯಿಯನ್ನು ಮೊರಕ್ಕೆ ಹಾಕಿ, "ಹಂಡೆ ಬೆಂಕಿಗೆ ಹಾಕ್ದಾಗ ತಪ್ಪಿಗೆ ದಂಡ ತೆತ್ತ ಅಂದ್ಕೊಂಡ್ವಿ. ಅಮ್ಮನೂ ಹಂಗೇ ಅಂದ್ಕೊಂಡೇ ಹೋದ್ಲು," ಎಂದಳು.

ನನ್ನ ಮೌನಕ್ಕೆ ಬೆಲೆ ತೆತ್ತವರು ಆಚಾರ್ಯರೊಬ್ಬರೇ, ಅವರೂ ಒಪ್ಪಿ ತೆತ್ತರು ಎಂದು ಇಷ್ಟು ವರ್ಷ ನಂಬಿದ್ದೆ. ಅವರ ಮನೆಯೊಳಗೆ ಯಾರು ಯಾರನ್ನು ಏನು ಕೇಳದೆ ಬದುಕಿದರೆಂದು ಯೋಚಿಸಿಯೂ ಇರಲಿಲ್ಲ. ಕ್ಷಮಿಸಿ ಎನ್ನಲು ಬಾಯಿ ತೆರೆದೆ. ಅವಳು ಕೈ ಎತ್ತಿ ತಡೆದಳು.

"ಅಪ್ಪಂಗೆ ಹೇಳಿದ್ರಿ. ಇವತ್ತು ನಂಗೆ ಹೇಳಿದ್ರಿ. ಇನ್ಯಾರಿಗೆ ಹೇಳಿದ್ದೀರಿ?"

"ಯಾರಿಗೂ ಇಲ್ಲ."

ಕಾಳಮ್ಮ ಮೊರವನ್ನು ಪಕ್ಕಕ್ಕೆ ಸರಿಸಿ, ಮಂಡಿಯ ಮೇಲೆ ಕೈಯೂರಿ ಎದ್ದಳು. ಬೀದಿಯ ಬಾಗಿಲ ಎರಡೂ ಕದಗಳನ್ನು ಹಾರು ಹೊಡೆದಳು. "ಪುಟ್ಟತಾಯೀ! ಏ ಜಯಮ್ಮ, ಒಲೆ ಆರ್ಸಿ ಬಾರೇ ಇಲ್ಲಿ! ನಿಮ್ಮತ್ತೇನೂ ಕರ್ಕೊಂಡ್ಬಾ. ಈ ಅಮ್ಮಾವ್ರು ಏನೋ ಹೇಳ್ತಾರಂತೆ, ಎಲ್ಲಾರೂ ಕೇಳಿ!"

ಆಮೇಲೆ ನನ್ನ ಕಡೆ ತಿರುಗಿ, ಒಂದು ಲೋಟ ನೀರು ತಂದು ಮುಂದಿಟ್ಟಳು. ಮುಖದಲ್ಲಿ ಸಿಟ್ಟು ಹಾಗೆಯೇ ಇತ್ತು.

"ಕುಡೀರಿ. ಕುಡ್ದು ಮೊದ್ಲಿಂದ ಹೇಳಿ. ಅಪ್ಪನ ಹೆಸ್ರು ಗಟ್ಟಿಯಾಗಿ ಹೇಳಿ."

ಹೆಂಗಸರು ಬರತೊಡಗಿದರು. ಒಬ್ಬಳ ಕೈಗೆ ಹಿಟ್ಟು ಮೆತ್ತಿತ್ತು, ಇನ್ನೊಬ್ಬಳ ಕೂದಲು ಒದ್ದೆಯಾಗಿತ್ತು. ಒಬ್ಬ ಮುದುಕ ಕೋಲೂರಿಕೊಂಡು ಬಂದು ಬಾಗಿಲಿಗೆ ಒರಗಿ ಕಿವಿಗೆ ಕೈ ಹಿಡಿದ. ಹೊಸಿಲಿನಾಚೆ ಚಪ್ಪಲಿಗಳು ಎರಡು ಜೊತೆ, ಐದು ಜೊತೆ, ಒಂಬತ್ತು ಜೊತೆಯಾದವು. ಇನ್ನೂ ಯಾರೋ ಬಿಸಿಲಲ್ಲಿ ಬರಿಗಾಲಲ್ಲೇ ಬೀದಿ ದಾಟಿ ಬರುತ್ತಿದ್ದರು. ಅವರು ಒಳಗೆ ಬಂದು ಕೂರುವವರೆಗೆ ಕಾದು, ನಾನು ಶುರುಮಾಡಿದೆ.